ಬರ್ಥಡ್ ಪಾಸ್: ಪರೀಕ್ಷೆಯಲ್ಲಿ ಬಿರುಕು ಹರಡಲಿಲ್ಲ, ಇಳಿಯಬಹುದೇ?

ಡೆನ್ವರ್ ದಾವಣಗೆರೆ:
ಕೊಲೊರಾಡೋದ ಬರ್ಥಡ್ ಪಾಸ್ ಬಳಿ ಶನಿವಾರ ಮೂವರು ಸ್ಕೀ ಟೂರ್‌ಗೆ ಹೊರಟಿದ್ದೇವೆ. ಕಣ್ಣಿಟ್ಟಿರುವುದು ಮರಗಳ ಎಲ್ಲೆಗಿಂತ ಮೇಲಿರುವ, ಈಶಾನ್ಯಕ್ಕೆ ಮುಖ ಮಾಡಿದ 34 ಡಿಗ್ರಿ ಇಳಿಜಾರಿನ ಮೇಲೆ. ಮುನ್ಸೂಚನೆಯಲ್ಲಿ ಹಿಮಕುಸಿತದ ಅಪಾಯದ ಮಟ್ಟ ಐದರಲ್ಲಿ 3. ಇಂದು ಅದರ ಅಂಚಿನಲ್ಲಿ ಗುಂಡಿ ತೋಡಿ ಎಕ್ಸ್‌ಟೆಂಡೆಡ್ ಕಾಲಮ್ ಟೆಸ್ಟ್ ಮಾಡಿದೆವು, ಅಂದರೆ ಹಿಮದಲ್ಲಿ ಒಂದು ಕಂಬ ಕಡಿದು, ಅದರ ಒಂದು ತುದಿಯ ಮೇಲೆ ಸಲಿಕೆಯಿಟ್ಟು ಕೈಯಿಂದ ತಟ್ಟುತ್ತಾ ಹೋದೆವು. 22ನೇ ಏಟಿಗೆ ಬಿರುಕು ಬಿಟ್ಟಿತು, ಆದರೆ ಸಲಿಕೆಯ ಅಡಿಯಲ್ಲೇ ನಿಂತಿತು, ಕಂಬದ ಇನ್ನೊಂದು ತುದಿಗೆ ಹರಡಲಿಲ್ಲ. ಅಲ್ಲಿ ಆಗಲೇ ನಾಲ್ಕಾರು ಸ್ಕೀ ಗುರುತುಗಳೂ ಇವೆ. ಬೀಕನ್ (ಹೂತವರನ್ನು ಪತ್ತೆ ಹಚ್ಚುವ ರೇಡಿಯೊ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ ಎಲ್ಲರ ಬಳಿ ಇವೆ. ಇಳಿಯಬಹುದೇ?

ಹಳೇ ಸ್ಕೀ:
ಬೇಡ. ಫಲಿತಾಂಶ ಒಳ್ಳೆಯದೇ, ಆದರೆ ಅದು 90 ಸೆಂಟಿಮೀಟರ್ ಅಗಲದ ಒಂದು ಕಂಬಕ್ಕೆ ಸಂಬಂಧಿಸಿದ್ದು. ಹತ್ತು ಹೆಜ್ಜೆ ಆಚೆ ಪದರ ತೆಳ್ಳಗಿದ್ದರೆ ಕಥೆಯೇ ಬೇರೆ. ಗುಂಡಿಯಲ್ಲಿ ಕೆಟ್ಟ ಫಲಿತಾಂಶ ಬಂದರೆ ನಾನು ಮರುಮಾತಿಲ್ಲದೆ ನಂಬುತ್ತೇನೆ. ಒಳ್ಳೆಯದು ಬಂದರೆ ಅದರ ಮೇಲೆ ಜೀವ ಪಣಕ್ಕಿಡುವುದಿಲ್ಲ.

ಗುಂಡಿಯ ತಳದ ಹಿಮವನ್ನು ಕೈಗೆ ತೆಗೆದುಕೊಂಡು ನೋಡಿದಿರಾ? ಹಿಡಿ ಕಟ್ಟಿದರೆ ಉಂಡೆಯಾಗದೆ, ಬೆರಳ ಸಂದಿಯಿಂದ ಕಲ್ಲುಪ್ಪಿನಂತೆ ಉದುರಿತೇ? ಕೊಲೊರಾಡೋದಲ್ಲಿ ಚಳಿಗಾಲದ ಆರಂಭದ ಹಿಮ ತೆಳು. ನೆಲ ಸುಮಾರು ಸೊನ್ನೆ ಡಿಗ್ರಿಯಲ್ಲಿರುತ್ತದೆ, ಮೇಲೆ ಮೋಡವಿಲ್ಲದ ಕೊರೆಯುವ ರಾತ್ರಿ. ಆ ಅಂತರದಿಂದಾಗಿ ಆವಿ ಮೇಲಕ್ಕೇರುತ್ತಾ ತಳದ ಹಿಮವನ್ನು ಒಂದಕ್ಕೊಂದು ಅಂಟದ ದೊಡ್ಡ ಹರಳುಗಳಾಗಿ ಮಾಡಿಬಿಡುತ್ತದೆ. ಡೆಪ್ತ್ ಹೋರ್ ಎನ್ನುವುದು ಇದನ್ನೇ. ಮೇಲೆ ಗಟ್ಟಿ ಪದರ ಕೂತ ಮೇಲೂ ಇದು ವಾರಗಟ್ಟಲೆ ಸುಧಾರಿಸದೆ ಉಳಿಯಬಹುದು.

ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಹಿಮವೆಲ್ಲ ನಿಮ್ಮ ಈಶಾನ್ಯದ ಇಳಿಜಾರಿಗೇ ಬಂದು ಬೀಳುತ್ತದೆ. ಹಳೆಯ ಗುರುತುಗಳು ಏನನ್ನೂ ಸಾಬೀತು ಮಾಡುವುದಿಲ್ಲ. ಐದನೆಯವನು ತೆಳುವಾದ ಜಾಗವನ್ನು ತುಳಿದು ಮೇಲಿನ ಗಟ್ಟಿ ಪದರವನ್ನು ಇಡೀ ಹಲಗೆಯಂತೆ ಜಾರಿಸಿದ್ದುಂಟು.

ಹುಬ್ಬಳ್ಳಿಯಿಂದ:
ನಮ್ಮ ಧಾರವಾಡ ಜಿಲ್ಲೆಯ ಯೋಧ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಜೀವಂತವಾಗಿದ್ದರಲ್ಲವೇ? ಬೀಕನ್ ಇದ್ದರೆ ಭಯವೇಕೆ?

ಹಳೇ ಸ್ಕೀ:
ಅದು ತೀರಾ ಅಪರೂಪದ ಘಟನೆ ಸ್ವಾಮಿ. 2016ರಲ್ಲಿ ಅವರು ಸಿಕ್ಕಿದ್ದು ಹಿಮದಡಿ ಹೂತ ಡೇರೆಯೊಳಗೆ. ಹೊರತೆಗೆದ ಮೇಲೂ ದೆಹಲಿಯ ಆಸ್ಪತ್ರೆಯಲ್ಲಿ ಅವರು ಉಳಿಯಲಿಲ್ಲ. ಸ್ಕೀ ಮಾಡುವವನ ಸುತ್ತ ಡೇರೆ ಇರುವುದಿಲ್ಲ, ಹಿಮ ಸಿಮೆಂಟಿನಷ್ಟು ಬಿಗಿಯಾಗುತ್ತದೆ. ಮೊದಲ ಹತ್ತು ನಿಮಿಷದೊಳಗೆ ತೆಗೆದರೆ ಬಹುಪಾಲು ಜನ ಬದುಕುತ್ತಾರೆ. ಅರ್ಧ ಗಂಟೆಯ ಹೊತ್ತಿಗೆ ಬದುಕುವವರೇ ಕಡಿಮೆ. ಬೀಕನ್ ಇರುವುದು ಹುಡುಕಲಿಕ್ಕೆ, ಕುಸಿತವನ್ನು ತಡೆಯಲಿಕ್ಕಲ್ಲ.

ಡೆನ್ವರ್ ದಾವಣಗೆರೆ:
ತಳದ ಹಿಮ ನೀವು ಹೇಳಿದಂತೆಯೇ ಉದುರಿತ್ತು. ಇನ್ನೊಂದು ವಿಷಯ ಬರೆಯಲು ಮರೆತಿದ್ದೆ. ಹತ್ತುವಾಗ ಒಮ್ಮೆ ಕಾಲಡಿ ‘ಧುಂ’ ಎಂದು ಹಿಮ ಕುಸಿದ ಸದ್ದಾಯಿತು. ಈಗ ಮರಗಳ ನಡುವಿನ 25 ಡಿಗ್ರಿಯ ಇಳಿಜಾರನ್ನು ಯೋಚಿಸುತ್ತಿದ್ದೇವೆ.

ಹಳೇ ಸ್ಕೀ:
ಆ ಸದ್ದನ್ನು ಮೊದಲೇ ಹೇಳಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ದುರ್ಬಲ ಪದರ ಕುಸಿದ ಸದ್ದೇ ಅದು, ಯಾವ ಪರೀಕ್ಷೆಗಿಂತಲೂ ಸ್ಪಷ್ಟ. 25 ಡಿಗ್ರಿ ಸರಿ. ಆದರೆ ಅದರ ನೆತ್ತಿಯ ಮೇಲೆ 30 ದಾಟುವ ಇಳಿಜಾರು ಇದೆಯೇ ಎಂದು ನಕ್ಷೆಯಲ್ಲಿ ನೋಡಿ. ಇದ್ದರೆ ಅದರ ಕೆಳಗೆ ನಿಂತು ಫೋಟೊ ತೆಗೆಯುವುದೂ ಬೇಡ, ಕೆಳಗಿನಿಂದಲೂ ಅದನ್ನು ಬೀಳಿಸಬಹುದು.