ನಂದಿ ಬೆಟ್ಟದ ಪಿಕಳಾರ, ಪಾರಿವಾಳ: ಎರಡೂ ಒಂದೇ ಪಟ್ಟಿನಾ?

ದ್ರಾಕ್ಷಿತೋಟದವ, ಚಿಕ್ಕಬಳ್ಳಾಪುರ
ಭಾನುವಾರ ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲು ಹತ್ತಿ ನಂದಿ ಬೆಟ್ಟಕ್ಕೆ ಹೋಗಿದ್ದೆ. ಅರ್ಧ ದಾರಿಯಲ್ಲಿ, ಬಂಡೆ ಸಂದಿಯ ಲಂಟಾನ ಪೊದೆಯಲ್ಲಿ ಒಂದು ಪಿಕಳಾರ. ಜುಟ್ಟಿಲ್ಲ. ಗಂಟಲಿಗೆ ಅರಿಶಿನ ಬಳಿದ ಹಾಗಿತ್ತು. ಮೇಲೆ ಹೋದ ಮೇಲೆ ದೊಡ್ಡ ಮರದಲ್ಲಿ ದಪ್ಪನೆಯ ಪಾರಿವಾಳ, ಕತ್ತಿನ ಹಿಂದೆ ಕಪ್ಪು ಬಿಳುಪು ಚದುರಂಗದ ಮನೆ. ಜೊತೆಗಿದ್ದ ಹುಡುಗ ಮೊಬೈಲ್ ನೋಡಿ, ಎರಡೂ ‘ವಲ್ನರಬಲ್’ ಪಟ್ಟಿಯವು, ಅಂದರೆ ಅಳಿವಿನ ಅಪಾಯ ಇರುವವು, ಅಂದ. ಪಾರಿವಾಳದ ಹೆಸರು ನೀಲಗಿರಿ ಅಂತೆ. ನಮ್ಮ ನೀಲಗಿರಿ ತೋಪಲ್ಲಿ ಒಂದು ದಿನವೂ ಕಂಡಿಲ್ಲ! ಪಿಕಳಾರ ಮಾತ್ರ ದಿನಾ ಬಂದು ದ್ರಾಕ್ಷಿ ಕುಕ್ಕುತ್ತದೆ, ಬಲೆ ಹಾಕಿದರೂ ಬಿಡಲ್ಲ. ಅದು ಅಪರೂಪ ಹೇಗಾಗುತ್ತದೆ?

ದುರ್ಗದ ದಾರಿ, ತುಮಕೂರು
ನಿಮ್ಮ ದ್ರಾಕ್ಷಿ ಕಳ್ಳ ಬೇರೆ ಸ್ವಾಮಿ. ಕೆಮ್ಮೀಸೆ ಪಿಕಳಾರ, ಇಲ್ಲಾ ಬಾಲದಡಿ ಕೆಂಪಿರುವುದು. ಎರಡಕ್ಕೂ ಜುಟ್ಟಿದೆ, ಎರಡೂ ಬೇಕಾದಷ್ಟಿವೆ. ನೀವು ಕಂಡದ್ದು ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಬಂಡೆಗುಡ್ಡ ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ನಮ್ಮ ದೇವರಾಯನದುರ್ಗದಲ್ಲಿದೆ, ಆದರೆ ಬೆಟ್ಟ ಇಳಿದು ಬಯಲಿಗೆ ಬರಲ್ಲ. ಬಿಳಿ ಹುಬ್ಬಿನ ಪಿಕಳಾರಕ್ಕೂ ಜುಟ್ಟಿಲ್ಲ, ನಾನೇ ಎರಡು ಸಲ ಮೋಸ ಹೋಗಿದ್ದೀನಿ. ಬಾಲದ ತುದಿ ತಿಳಿಹಳದಿ ಇತ್ತಾ ನೋಡಿ.

ಹಳೇ ದುರ್ಬೀನು, ಕೋಲಾರ
ಕುಲ (ಜೀನಸ್) ನೋಡಿ ಪಟ್ಟಿಗೆ ಸೇರಿಸಲ್ಲ. ಆ ಪಾರಿವಾಳವೂ ದೇವಸ್ಥಾನದ ಗೋಪುರದ ಪಾರಿವಾಳವೂ ಒಂದೇ ಕುಲ, ಕೊಲಂಬಾ. ಒಂದಕ್ಕೆ ಆಪತ್ತು, ಇನ್ನೊಂದು ಊರು ತುಂಬಾ. ಈ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ನೋಡುವುದು ಎಷ್ಟು ಉಳಿದಿವೆ, ಎಷ್ಟು ಬೇಗ ಕಮ್ಮಿ ಆಗ್ತಿವೆ ಅಂತ. ಮರಿ ಮಾಡುವ ವಯಸ್ಸಿನವು 10,000ಕ್ಕಿಂತ ಕಮ್ಮಿ ಇದ್ದು, ಇನ್ನೂ ಇಳೀತಾ ಇದ್ದರೆ ವಲ್ನರಬಲ್ ಆಗುವ ಒಂದು ದಾರಿ ಅದು. ನೀಲಗಿರಿ ಪಾರಿವಾಳದ ತವರು ಪಶ್ಚಿಮ ಘಟ್ಟದ ಹಣ್ಣಿನ ಮರಗಳ ದಟ್ಟ ಕಾಡು. ನಂದಿ 1,478 ಮೀಟರ್ ಎತ್ತರ, ಮೇಲೆ ಮಂಜು, ದೊಡ್ಡ ಮರ. ಹಾಗಾಗಿ ಅಲ್ಲೊಂದು ಗುಂಪು ಒಂಟಿಯಾಗಿ ಉಳಿದಿದೆ. ಪಿಕಳಾರಕ್ಕೆ ಆ ನೆರಳು ಬೇಡ, ಬಂಡೆ ಮತ್ತು ಕುರುಚಲು ಸಾಕು. ಅದನ್ನೇ ನಾವು ಜಲ್ಲಿ ಮಾಡಿ ಮಾರ್ತಿದ್ದೀವಿ. ಕುರುಚಲು ಗುಡ್ಡವನ್ನು ಸುಮ್ನೆ ಪಾಳುಭೂಮಿ ಅಂತೀವಿ ನೋಡಿ, ನನಗೆ ಸಿಟ್ಟು ಬರುವುದು ಅಲ್ಲೇ.

ದ್ರಾಕ್ಷಿತೋಟದವ
ಹುಡುಗನ ಫೋಟೋ ದೊಡ್ಡದು ಮಾಡಿ ನೋಡಿದೆ. ಬಾಲದ ತುದಿ ತಿಳಿಹಳದಿಯೇ. ನಮ್ಮೂರ ಹಿಂದೆಯೂ ಇಂಥದ್ದೇ ಗುಡ್ಡ ಇದೆ, ಅರ್ಧ ಕ್ರಷರ್ ತಿಂದಾಯ್ತು. ನಾಳೆ ಬೆಳಗ್ಗೆ ನೀರು ಬಿಟ್ಟು, ಉಳಿದ ಅರ್ಧ ಹತ್ತಿ ಬರ್ತೀನಿ.