ನಲಿ-ಕಲಿ ಶಿಕ್ಷಕರಿಗೆ ಓದು ಕಲಿಸುವ ತರಬೇತಿ: ನಿಮ್ಮ ಅನುಭವ ಹೇಳಿ

ಕೇಳಿದವರು, ಜಗಳೂರು ತಾಲ್ಲೂಕಿನ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ: ನಮ್ಮ ಕ್ಲಸ್ಟರಿನಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ, ನಲಿ-ಕಲಿ (ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ) ನಡೆಸುವ 1ರಿಂದ 3ನೇ ತರಗತಿ ಶಿಕ್ಷಕರಿಗೆ 2 ದಿನದ ತರಬೇತಿ ಕೊಡಬೇಕಿದೆ. ಮಕ್ಕಳಿಗೆ ಹಂತಹಂತವಾಗಿ ಓದು ಕಲಿಸೋದು ವಿಷಯ. ಬರೀ ಭಾಷಣ ಮಾಡಿ ಕಳಿಸೋಕೆ ಮನಸ್ಸಿಲ್ಲ. ಮಾಡಿದವರು ಇದ್ದರೆ ಹೇಳಿ.

ಹೊಳಲ್ಕೆರೆ ಕಡೆಯ ಮೇಷ್ಟ್ರು: ಸರ್, ಮೊದಲ ಗಂಟೆ ಕನ್ನಡ ಮುಟ್ಟಲೇಬೇಡಿ. ನಾನು ತಮಿಳಿನಿಂದ ಶುರು ಮಾಡಿದ್ದೆ. ನಾಲ್ಕು ತಮಿಳು ಅಕ್ಷರ ಒಂದೇ ಸಲ ಹೇಳಿಕೊಟ್ಟೆ. ಬೋರ್ಡಿನ ಮೇಲೆ ತಮಿಳಲ್ಲಿ ‘ಮರಂ’ ಅಂತ ಬರೆದು, ಪಕ್ಕದಲ್ಲಿ ಮರದ ಚಿತ್ರ ಬಿಡಿಸಿದೆ. ಓದಿ ಅಂದೆ. ಎಲ್ಲರೂ ಜೋರಾಗಿ ‘ಮರ’ ಅಂದರು. ಕೊನೆಯ ಅಕ್ಷರ ಕಣ್ಣೆದುರೇ ಇತ್ತು, ಯಾರೂ ನೋಡಿರಲಿಲ್ಲ. ಚಿತ್ರ ಒರೆಸಿ, ಹೇಳಿಕೊಟ್ಟಿದ್ದ ನಾಲ್ಕು ಅಕ್ಷರಗಳಲ್ಲೇ ‘ಪಡಂ’ ಬರೆದೆ. ಇಡೀ ಕೋಣೆ ಸುಮ್ಮನಾಯಿತು. 20 ವರ್ಷ ಸರ್ವಿಸ್ ಆದ ಒಬ್ಬ ಮೇಡಂ ಎದ್ದು, ‘ನಮ್ಮ ಎರಡನೇ ಕ್ಲಾಸಿನ ಹುಡುಗ ದಿನಾ ಹೀಗೇ ಚಿತ್ರ ನೋಡಿ ಹೇಳ್ತಾನೆ. ಅವನಿಗೆ ಓದು ಬಂತು ಅಂತ ಟಿಕ್ ಹಾಕಿಬಿಟ್ಟಿದ್ದೀನಿ’ ಅಂದರು. ಅವರ ದನಿ ಸ್ವಲ್ಪ ನಡುಗಿತು. ಆಮೇಲೆ ಎಲ್ಲರೂ ಅವರವರ ಮಕ್ಕಳ ಬಗ್ಗೆ ಮಾತಾಡಿದರು.

ಅಲ್ಲಿಂದ ಕನ್ನಡಕ್ಕೆ ಬನ್ನಿ. ನಲಿ-ಕಲಿಯಲ್ಲಿ ರ, ಗ, ಸ, ದ, ಅ ಮೊದಲು ಬರೋದು ಸುಮ್ನೆ ಅಲ್ಲ. ಐದೇ ಅಕ್ಷರ ಬಂದರೆ ಮಗು ಸರ, ಅಗಸ, ಗರಗಸ ಓದಬಹುದು. ಆದರೆ ನಾವು ಅಕ್ಷರ ತೋರಿಸ್ತೀವಿ, ಕೂಡಿಸೋದು ಹೇಳಿಕೊಡಲ್ಲ. ಬೆರಳಿಟ್ಟು ಒಂದೊಂದೇ ಅಕ್ಷರ ಹೇಳಿ ಕೂಡಿಸೋದನ್ನು ಶಿಕ್ಷಕರೇ ಎದ್ದು ನಿಂತು ಮಾಡಿ ತೋರಿಸಲಿ.

ಕಾಗುಣಿತಕ್ಕೆ ಅರ್ಧ ದಿನವಾದರೂ ಬೇಕು. ಕ ಕಾ ಕಿ ಕೀ ಅಂತ ಪದ್ಯದ ಹಾಗೆ ಒಪ್ಪಿಸುವ ಮಗುವಿಗೆ ಬಿಡಿಯಾಗಿ ‘ಕೀ’ ತೋರಿಸಿ. ಅದು ಮತ್ತೆ ‘ಕ’ದಿಂದ ಹೇಳಿಕೊಂಡು ಬರುತ್ತೆ. ಒಂದು ಸಲಕ್ಕೆ ಒಂದೇ ಗುಣಿತ ಚಿಹ್ನೆ ಸಾಕು: ಸರ–ಸಾರ, ದರ–ದಾರ. ಒತ್ತಕ್ಷರ ಆಮೇಲೆ.

2 ದಿನ ಒಟ್ಟಿಗೆ ಇಡಬೇಡಿ. ಒಂದು ದಿನ ತರಬೇತಿ, ಮೂರು ವಾರ ತರಗತಿ, ಮತ್ತೆ ಒಂದು ದಿನ.

ಹೊಸದುರ್ಗದ ಹತ್ತಿರದ ತಾಂಡಾ ಶಾಲೆಯ ಮೇಡಂ: ಮೇಷ್ಟ್ರು ಹೇಳಿದ್ದು ಸರಿ. ಒಂದು ಸೇರಿಸ್ತೀನಿ. ನಮ್ಮ ಮಕ್ಕಳ ಮನೆಮಾತು ಲಂಬಾಣಿ. ರೊಟ್ಟಿ ಚಿತ್ರ ತೋರಿಸಿದರೆ ‘ಬಾಟಿ’ ಅಂತಾರೆ. ಅದು ತಪ್ಪಲ್ಲ ಅನ್ನೋದನ್ನ ತರಬೇತಿಯಲ್ಲಿ ಮೊದಲೇ ಹೇಳಿ. ಗರಗಸ ಅಂತ ಚೆನ್ನಾಗಿ ಕೂಡಿಸಿ ಓದಿದ ಹುಡುಗಿಗೆ ಹಾಗಂದ್ರೆ ಏನು ಅಂತ ಕೇಳಿದೆ. ಗೊತ್ತಿಲ್ಲ ಮಿಸ್ ಅಂದಳು. ಊರಿನ ಬಡಗಿಯ ಹತ್ತಿರ ಗರಗಸ ಕೇಳಿ ತಂದು, ಕ್ಲಾಸಿನಲ್ಲೇ ಕಟ್ಟಿಗೆ ಕೊಯ್ದು ತೋರಿಸಿದೆ. ಕಿವಿಗೆ ಬೀಳದ ಪದ ಓದಿದರೆ ಮಗುವಿಗೆ ಏನು ಸಿಗುತ್ತೆ, ಅಲ್ವಾ?

ಹರಿಹರದಿಂದ ಒಬ್ಬ ಶಿಕ್ಷಕಿ: ನನಗೆ ನಿಜವಾಗಿ ಕಲಿಸಿದ್ದು ತರಬೇತಿ ಆದ ಮುಂದಿನ ವಾರ. ಸಿಆರ್‌ಪಿ ಸರ್ ನಮ್ಮ ಶಾಲೆಗೆ ಬಂದರು. ರಿಜಿಸ್ಟರ್ ಕೇಳಲಿಲ್ಲ. ಮಕ್ಕಳ ಜೊತೆ ನೆಲದ ಮೇಲೆ ಕೂತು 20 ನಿಮಿಷ ಅವರೇ ಪಾಠ ಮಾಡಿದರು, ನಾನು ನೋಡಿದೆ. ಆಮೇಲೆ ನಾನು ಮಾಡಿದೆ, ಅವರು ನೋಡಿದರು. ಹೋಗುವಾಗ ಒಂದೇ ಮಾತು ಹೇಳಿದರು: ‘ಮಗು ತಡವರಿಸಿದಾಗ ನೀವೇ ಹೇಳಿಬಿಡ್ತೀರಿ ಮೇಡಂ, ಐದು ಎಣಿಸಿ.’ ಈಗಲೂ ಮನಸ್ಸಿನಲ್ಲಿ ಐದು ಎಣಿಸ್ತೀನಿ.