ಉತ್ತರಿಸುವವರಿಲ್ಲದ ಕೊಠಡಿಯಲ್ಲಿ ‘ಬಿಡಲೇ, ಬೇಡವೇ?’

ಮನೆಯ ಕಂಪ್ಯೂಟರಿನಲ್ಲಿ ಹಲವು ವರ್ಷ ನಿಷ್ಠೆಯಿಂದ ದುಡಿದ ಝೋನ್‌ಅಲಾರ್ಮ್ ಎಂಬ ಫೈರ್‌ವಾಲನ್ನೇ (ಬರಹೋಗುವ ಸಂಪರ್ಕಗಳನ್ನು ತಡೆದು ಕಾಯುವ ಪ್ರೋಗ್ರಾಂ) ಕಚೇರಿಯ ಸರ್ವರ್ ಕಂಪ್ಯೂಟರಿಗೂ ಹಾಕಿಬಿಡೋಣವೆಂದು ರಾಯರು ಹೇಳಿದ್ದೇ ತಡ, ಶಾಸ್ತ್ರಿಗಳು ಕಾಫಿ ಲೋಟವನ್ನು ಕೆಳಗಿಟ್ಟರು.

“ರಾಯರೇ, ಯಾವುದಾದರೂ ಹೊಸ ಪ್ರೋಗ್ರಾಂ ಇಂಟರ್ನೆಟ್ಟಿನತ್ತ ಮುಖ ಮಾಡಿದೊಡನೆ ಅದು ಪರದೆಯ ಮೇಲೆ ‘ಬಿಡಲೇ, ಬೇಡವೇ?’ ಎಂದು ಕೇಳುತ್ತದೆ. ಮನೆಯಲ್ಲಿ ಉತ್ತರಿಸಲು ನೀವಿದ್ದೀರಿ. ಸರ್ವರ್ ಕೊಠಡಿಯಲ್ಲಿ ಏಸಿಯ ಹೊರತು ಯಾರೂ ಇಲ್ಲ. ಛತ್ರದ ಬಾಗಿಲಲ್ಲಿ ನಿಂತವನು ಬೀಗರನ್ನೆಲ್ಲ ತಡೆದು, ಊರಲ್ಲೇ ಇಲ್ಲದ ಯಜಮಾನರ ಅಪ್ಪಣೆಗೆ ಕಾದಂತಾಗುತ್ತದೆ.”

“ದೂರದಿಂದಲೇ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಒಳಹೊಕ್ಕು ‘ಬಿಡು’ ಎಂದು ಒತ್ತಿದರಾಯಿತಲ್ಲ?”

“ನೀವು ಒಳಬರಬೇಕಾದ 3389ನೆಯ ಪೋರ್ಟನ್ನೇ, ಅಂದರೆ ಆ ಸಂಪರ್ಕದ ಬಾಗಿಲನ್ನೇ, ಅದು ಮುಚ್ಚಿಕೊಂಡು, ನಿಮ್ಮನ್ನು ಬಿಡಲು ನಿಮ್ಮದೇ ಅಪ್ಪಣೆ ಕೇಳುತ್ತ ಕೂತಿದ್ದರೆ?”

ಸರ್ವರುಗಳನ್ನು ನಿಜವಾಗಿ ನೋಡಿಕೊಳ್ಳುವ ವಿಮಲಾ ಮೇಡಂ ಆಗ ಬಾಯಿ ತೆರೆದರು. ಸರ್ವರ್ ಏನು ಮಾಡಬೇಕೆಂಬುದು ಮೊದಲೇ ಗೊತ್ತಿರುವುದರಿಂದ ಅದಕ್ಕೆ ಪ್ರಶ್ನೆಗಳು ಬೇಡ, ನಿಯಮಗಳು ಸಾಕು. ವೆಬ್ ಸರ್ವರಾದರೆ ಪುಟ ನೋಡುವವರು ಬರುವ 80 ಮತ್ತು 443ನೆಯ ಪೋರ್ಟುಗಳು ಎಲ್ಲರಿಗೂ ತೆರೆದಿರಲಿ, ನಿರ್ವಹಣೆಯ ಪೋರ್ಟು ಕಚೇರಿಯ ವಿಳಾಸಕ್ಕೆ ಮಾತ್ರ ತೆರೆದಿರಲಿ, ಮಿಕ್ಕದ್ದೆಲ್ಲ ಮುಚ್ಚಿರಲಿ, ಇಷ್ಟನ್ನು ಲಿನಕ್ಸಿನ ಐಪಿಟೇಬಲ್ಸ್ ಆಗಲಿ ವಿಂಡೋಸಿನದೇ ಫೈರ್‌ವಾಲ್ ಆಗಲಿ ತುಟಿಪಿಟಕ್ಕೆನ್ನದೆ ಮಾಡುತ್ತದೆ ಎಂದರು.

“ಆದರೂ ಅದರ ಮೇಲೆ ಇನ್ನೊಂದಿದ್ದರೆ ನಷ್ಟವೇನು?” ರಾಯರು ಬಿಡಲಿಲ್ಲ.

“ಫೈರ್‌ವಾಲ್ ಕೂಡ ಒಂದು ಪ್ರೋಗ್ರಾಮೇ, ಅದರಲ್ಲೂ ದೋಷವಿರುತ್ತದೆ,” ಎಂದರು ವಿಮಲಾ ಮೇಡಂ. “ 2004ರ ಮಾರ್ಚಿನಲ್ಲಿ ‘ವಿಟ್ಟಿ’ ಎಂಬ ಹುಳು, ಅಂದರೆ ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ದುಷ್ಟ ಪ್ರೋಗ್ರಾಂ, ಬ್ಲ್ಯಾಕ್‌ಐಸ್ ಎಂಬ ಫೈರ್‌ವಾಲನ್ನೂ ಅದೇ ಕಂಪನಿಯ ಸೋದರ ತಂತ್ರಾಂಶಗಳನ್ನೂ ಹುಡುಕಿಕೊಂಡು ಬಂತು. ಐಸಿಕ್ಯೂ ಎಂಬ ಚಾಟ್ ಸೇವೆಯ ಸಂದೇಶಗಳನ್ನು ಬಗೆದು ತಪಾಸಿಸುವ ಭಾಗದಲ್ಲೇ ಲೋಪವಿದ್ದುದರಿಂದ, ತಪಾಸಣೆಯೇ ಪ್ರವೇಶದ್ವಾರವಾಯಿತು. ಸುಮಾರು 12,000 ಯಂತ್ರಗಳಿಗೆ ಹೊಕ್ಕ ಆ ಹುಳು ಅವುಗಳ ಡಿಸ್ಕಿನ ಮೇಲೆ ಸಿಕ್ಕಸಿಕ್ಕಲ್ಲಿ ಗೀಚುತ್ತ ಹೋಯಿತು. ಆ ರಕ್ಷಣೆ ಇಲ್ಲದ ಯಂತ್ರಗಳ ಕಡೆ ತಿರುಗಿಯೂ ನೋಡಲಿಲ್ಲ.”

ರಾಯರ ಮುಖ ಅರಳಿತು. “ಹಾಗಾದರೆ ಏನನ್ನೂ ಹಾಕದ ಸೋಮಾರಿಗಳೇ ಜಾಣರು!”

“ಆ ಒಂದು ಸಲದ ಮಟ್ಟಿಗೆ ಜಾಣರು. ಅದಕ್ಕೂ ಏಳು ತಿಂಗಳ ಹಿಂದೆ, 2003ರ ಆಗಸ್ಟಿನಲ್ಲಿ, ದೋಷ ಸರಿಪಡಿಸುವ ತೇಪೆಯೂ ಹಾಕದೆ 135ನೆಯ ಪೋರ್ಟನ್ನು ತೆರೆದಿಟ್ಟಿದ್ದ ಅದೇ ಸೋಮಾರಿಗಳ ವಿಂಡೋಸ್ ಯಂತ್ರಗಳನ್ನು ಬ್ಲಾಸ್ಟರ್ ಹುಳು ಮತ್ತೆ ಮತ್ತೆ ರೀಬೂಟ್ ಮಾಡಿಸಿತ್ತು,” ಎಂದರು ವಿಮಲಾ ಮೇಡಂ.

ರಾಯರು ಕಾಗದವೊಂದರ ಮೇಲೆ ‘ಎಲ್ಲ ಮುಚ್ಚು’ ಎಂಬುದನ್ನೇ ಮೊದಲ ನಿಯಮವಾಗಿ ಬರೆಯತೊಡಗಿದರು.

“ಐಪಿಟೇಬಲ್ಸ್ ಮೇಲಿನಿಂದ ಕೆಳಕ್ಕೆ ಓದುತ್ತದೆ, ಮೊದಲು ಹೊಂದಿದ ನಿಯಮವನ್ನೇ ಪಾಲಿಸುತ್ತದೆ,” ಎಂದರು ಶಾಸ್ತ್ರಿಗಳು. “ಅದನ್ನು ಕೊನೆಗೆ ಬರೆಯಿರಿ, ಇಲ್ಲವೇ ನೀವೂ ಹೊರಗುಳಿದು ಇವತ್ತೇ ಸರ್ವರ್ ಇರುವ ಡೇಟಾ ಸೆಂಟರಿಗೆ ಆಟೋ ಹಿಡಿಯಿರಿ.”